ಹಂಡೆಯ ಬಿಳಿ ಗೆರೆ ಮತ್ತು 32 ಲಕ್ಷ ವರ್ಷ ಹಳೆಯ ಕಡಲು

ನಮ್ಮ ಬಚ್ಚಲುಮನೆಯಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆಯೊಂದಿದೆ. ಕಲಬುರಗಿಯ ನಮ್ಮ ಓಣಿಯ ಬೋರ್‌ವೆಲ್ ನೀರು ಎಷ್ಟು ಗಡಸೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಆ ಹಂಡೆಯೊಳಗೆ ಇಣುಕಿದರೆ ಸಾಕು. ನೀರಿನ ಮೇಲ್ಮೈ ನಿಲ್ಲುವ ಮಟ್ಟಕ್ಕೆ ಸುತ್ತಲೂ ಸುಣ್ಣದ ಬಿಳಿ ಗೆರೆ ಕಟ್ಟಿದೆ. ಸರಿಯಾಗಿ ನೋಡಿದರೆ ಗೆರೆ ಒಂದಲ್ಲ, ಎರಡು. ಕಂಠದ ಹತ್ತಿರದ್ದು ದಪ್ಪ, ಒರಟು. ಮನೆಯಲ್ಲಿ ಏಳು ಜನರಿದ್ದು, ಬೆಳಗಾದರೆ ಹಂಡೆ ತುಂಬಿಸುತ್ತಿದ್ದ ಕಾಲದ್ದು ಅದು. ನಡುವಿನದು ತೆಳು. ಮಕ್ಕಳು ಬೆಂಗಳೂರು ಸೇರಿ, ಅವ್ವ, ನನ್ನ ಹೆಂಡತಿ ಮತ್ತು ನಾನು ಮೂವರೇ ಉಳಿದ ಮೇಲೆ ಮೂಡಿದ್ದು. ನಮ್ಮನ್ನು ಕಂಡೇ ಇಲ್ಲದವರು ಕೂಡ ಈ ಹಂಡೆಯನ್ನು ನೋಡಿ, ಈ ಮನೆಯಲ್ಲಿ ಒಂದು ಕಾಲಕ್ಕೆ ಹೆಚ್ಚು ಜನರಿದ್ದರು ಎಂದು ಹೇಳಿಬಿಡಬಹುದು.

ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ಎಂಬ ಸ್ಪೇನ್ ದೇಶದ ದ್ವೀಪದಲ್ಲಿ ವಿಜ್ಞಾನಿಗಳು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಆರ್ಟಾ ಎಂಬ ಊರಿನ ಬಳಿ ಕಡಲಂಚಿನ ಗವಿಗಳಿವೆ. ಗವಿಯ ಛಾವಣಿಯಿಂದ ಸುಣ್ಣದ ಕೋಲುಗಳು ಜೋತುಬಿದ್ದಿವೆ. ಕಡಲ ನೀರಿನ ಮಟ್ಟ ಏರಿದಾಗ ಗವಿಯೊಳಗಿನ ನೀರೂ ಅಷ್ಟೇ ಏರುತ್ತದೆ. ಆ ನೀರು ಬಹುಕಾಲ ಒಂದೇ ಮಟ್ಟದಲ್ಲಿ ನಿಂತರೆ, ಅದು ಮುಟ್ಟಿದ ಜಾಗದಲ್ಲಿ ಕೋಲಿನ ಸುತ್ತ ಸುಣ್ಣ ಗಂಟುಗಂಟಾಗಿ ಕಟ್ಟುತ್ತದೆ. ಇಂದಿನ ಕಡಲಮಟ್ಟಕ್ಕಿಂತ ಇಪ್ಪತ್ತು ಮೀಟರಿಗೂ ಮೇಲೆ, ಒಣ ಗವಿಯಲ್ಲಿ ಅಂಥ ಗಂಟುಗಳು ಸಿಕ್ಕಿವೆ. ಅವುಗಳಲ್ಲಿರುವ ಯುರೇನಿಯಂ ನಿಧಾನವಾಗಿ ಸೀಸವಾಗಿ ಬದಲಾಗುತ್ತದೆ. ಎಷ್ಟು ಬದಲಾಗಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಅವುಗಳಲ್ಲಿ ಒಂದರ ವಯಸ್ಸು ಸುಮಾರು 32 ಲಕ್ಷ 60 ಸಾವಿರ ವರ್ಷ. ನೆಲದ ಏರಿಳಿತವನ್ನೆಲ್ಲ ಕಳೆದ ಮೇಲೆ, ಆಗಿನ ಕಡಲು ಇಂದಿಗಿಂತ 16.2 ಮೀಟರ್ ಎತ್ತರದಲ್ಲಿತ್ತು ಎಂಬ ಲೆಕ್ಕ 2019ರಲ್ಲಿ ಪ್ರಕಟವಾಯಿತು.

ಸುದ್ದಿಯಲ್ಲಿ ಓಡಾಡಿದ್ದು ಆ 16.2. ಅದರ ಪಕ್ಕದಲ್ಲೇ ಕೊಟ್ಟಿದ್ದ ಇನ್ನೊಂದು ಮಾತನ್ನು ಹೆಚ್ಚಿನವರು ಓದಲಿಲ್ಲ: ಇದು 5.6ರಿಂದ 19.2 ಮೀಟರಿನೊಳಗೆ ಎಲ್ಲಿ ಬೇಕಾದರೂ ಇರಬಹುದು. ನನಗೆ ಈ ಲೇಖನ ಬರೆಯಬೇಕೆನಿಸಿದ್ದು ಆ ಅಗಲಕ್ಕಾಗಿಯೇ. ಗೆರೆ ಕಣ್ಣೆದುರಿಗಿದೆ, ಅದರ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯಬಹುದು. ಹಾಗಿದ್ದೂ ಉತ್ತರ ಇಷ್ಟು ಸಡಿಲ ಏಕೆ? ಮತ್ತು ಆ ಸಡಿಲಿನಿಂದ ಯಾರಿಗೆ ಏನಾಗಬೇಕಿದೆ?

ಮೊದಲು ಕಾಲದ ಗೊಂದಲವೊಂದನ್ನು ಕಳೆಯಬೇಕು. ಕಲಬುರಗಿಯಲ್ಲಿ ಹಳೆಯ ಕಡಲಿನ ಮಾತೆತ್ತಿದರೆ ಯಾರಾದರೊಬ್ಬರು ನೆಲದ ಫರಸಿಯನ್ನು ತೋರಿಸಿ, 'ಇಲ್ಲಿಯೂ ಸಮುದ್ರವಿತ್ತಂತೆ' ಎನ್ನುತ್ತಾರೆ. ನಿಜವೇ. ಶಹಾಬಾದ್ ಕಲ್ಲು, ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳು ಅರೆಯುವ ಕಲ್ಲು ಎಲ್ಲವೂ ಆಳವಿಲ್ಲದ ಹಳೆಯ ಕಡಲೊಂದರ ತಳದಲ್ಲಿ ಕೂತ ಸುಣ್ಣದ ಕೆಸರು. ಆದರೆ ಆ ಕಡಲು ಐವತ್ತು ಕೋಟಿ ವರ್ಷಕ್ಕೂ ಹಿಂದಿನದು. ಅದು ಬತ್ತಿ ಎಷ್ಟೋ ಕಾಲವಾದ ಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಲಾವಾ ಹರಿದು ಬೀದರ್‌ವರೆಗಿನ ಕರಿಕಲ್ಲನ್ನು ಹಾಸಿತು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಣ್ಣದ ಕಲ್ಲನ್ನೇ ಒಡೆದು ಕೈಕೊಡಲಿ ಮಾಡಿದ ಆದಿಮಾನವರ ಕಾಲ ಸುಮಾರು 12 ಲಕ್ಷ ವರ್ಷ ಎಂಬುದು ಒಂದು ಅಂದಾಜು. ಮಯೋರ್ಕಾದ ಗಂಟಿನ ಕಾಲ ಈ ಲಾವಾಕ್ಕೂ ಆ ಕೊಡಲಿಗಳಿಗೂ ನಡುವೆ, ಕೊಡಲಿಗಳಿಗೆ ಸಾಕಷ್ಟು ಹತ್ತಿರದಲ್ಲಿ ಬರುತ್ತದೆ. ಇಥಿಯೋಪಿಯಾದಲ್ಲಿ 1974ರಲ್ಲಿ ಸಿಕ್ಕ 'ಲೂಸಿ' ಎಂಬ ಪ್ರಸಿದ್ಧ ಅಸ್ಥಿಪಂಜರವೂ ಸುಮಾರು ಅದೇ ಕಾಲದ್ದು. ಅಂದರೆ ಎರಡು ಕಾಲಿನ ಮೇಲೆ ನಡೆಯುವ ಜೀವಿಗಳು ಆಗಲೇ ಇದ್ದವು. ಖಂಡಗಳು ಹೆಚ್ಚುಕಡಿಮೆ ಇಂದಿನ ಜಾಗದಲ್ಲೇ ಇದ್ದವು.

ಭೂವಿಜ್ಞಾನದಲ್ಲಿ ಇದಕ್ಕೆ ಪ್ಲಯೋಸೀನ್ ನಡುಗಾಲದ ಬಿಸಿ ಅವಧಿ ಎನ್ನುತ್ತಾರೆ. ಸುಮಾರು 32.6 ಲಕ್ಷದಿಂದ 30.3 ಲಕ್ಷ ವರ್ಷಗಳ ಹಿಂದಿನವರೆಗಿನ ಕಾಲ. ಇದನ್ನೇ ಹಿಡಿದು ಎಲ್ಲರೂ ಕೂರುವುದಕ್ಕೆ ಕಾರಣ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್. ಆಗ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 400 ಅದರದ್ದಾಗಿದ್ದವು. ಕಾರ್ಖಾನೆಗಳು ಬರುವ ಮುಂಚೆ ಈ ಲೆಕ್ಕ 280 ಇತ್ತು. 2013ರ ಮೇ ತಿಂಗಳಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ದಿನದ ಸರಾಸರಿ ಮೊದಲ ಬಾರಿಗೆ 400 ಮುಟ್ಟಿತು, ಈಗ 420ನ್ನೂ ದಾಟಿದೆ. ಉಸಿರಾಡುವ ಗಾಳಿಯ ಮಟ್ಟಿಗೆ ನಾವೀಗ ಪ್ಲಯೋಸೀನ್‌ನವರು. ಆ ಕಾಲದ ಭೂಮಿ ಇಂದಿನ ಹಾಗಿರಲಿಲ್ಲ. ಕೆನಡಾದ ಉತ್ತರ ತುದಿಯ ಎಲ್ಸ್ಮಿಯರ್ ದ್ವೀಪದಲ್ಲಿ ಕಾಡಿತ್ತು, ಆ ಕಾಡಿನಲ್ಲಿ ದೊಡ್ಡ ಗಾತ್ರದ ಒಂಟೆಗಳಿದ್ದವು. ಅವುಗಳ ಕಾಲಿನ ಎಲುಬಿನ ಚೂರುಗಳು ಸಿಕ್ಕಿದ್ದು 2013ರಲ್ಲಿ ಪ್ರಕಟವಾಯಿತು. ಮರಳುಗಾಡಿನ ಪ್ರಾಣಿ ಎಂದು ನಾವು ಶಾಲೆಯಲ್ಲಿ ಕಲಿತ ಒಂಟೆ!

ಈಗ ಗೆರೆಯ ಮಾತಿಗೆ ಬರೋಣ. ಹಂಡೆಯ ಗೆರೆಯನ್ನು ನಂಬಬಹುದು, ಏಕೆಂದರೆ ಹಂಡೆ ಅಲುಗಿಲ್ಲ. ಕಡಲದಂಡೆಯ ಬಗ್ಗೆ ಈ ಮಾತು ಹೇಳುವಂತಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಬಂದ ಪ್ರವಾಹ ನಮ್ಮ ಕಡೆಯವರಿಗೆ ಮರೆತಿಲ್ಲ. ನೀರು ಇಳಿದ ಮೇಲೆ ದಂಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಪ್ರತಿ ಮನೆಯ ಗೋಡೆಯ ಮೇಲೂ ಕೆಸರಿನ ಗೆರೆ, ಹಗ್ಗ ಹಿಡಿದು ಎಳೆದಷ್ಟು ನೇರ. ಒಬ್ಬ ಹಿರಿಯರು ತಮ್ಮ ಗೋಡೆಗೆ ಮೊಳೆ ಹೊಡೆದು ಗುರುತು ಮಾಡಿಟ್ಟರು, ಮುಂದಿನವರಿಗೆ ಗೊತ್ತಿರಲಿ ಎಂದು. ಒಳ್ಳೆಯ ಕೆಲಸ. ಆದರೆ ಆ ಗೋಡೆ ನಿಂತಿರುವುದು ಎರೆಮಣ್ಣಿನ ಮೇಲೆ. ಎರೆಮಣ್ಣಿನ ಗುಣ ಇಲ್ಲಿ ಮನೆ ಕಟ್ಟಿದವರಿಗೆಲ್ಲ ಗೊತ್ತು: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲಿನ ಮನೆ ಒಂದು ಕಡೆ ಎದ್ದು ಇನ್ನೊಂದು ಕಡೆ ಕೂರುತ್ತದೆ. ಇನ್ನು ಐವತ್ತು ವರ್ಷ ಬಿಟ್ಟು ಆ ಊರಿಗೆ ಹೋಗಿ, ಎಲ್ಲ ಮನೆಗಳ ಗುರುತುಗಳಿಗೂ ಮಟ್ಟಗೋಲು ಹಿಡಿದರೆ ಅವು ಒಂದೇ ಸಾಲಿನಲ್ಲಿ ಸಿಗುವುದಿಲ್ಲ. ನೀರು ಸಮವಾಗಿಯೇ ನಿಂತಿತ್ತು, ತಪ್ಪಿದ್ದು ಗೋಡೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದೇ ಆಗಿದೆ. ಫ್ಲೋರಿಡಾದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ, ಇಂದಿನ ಕಡಲಿನಿಂದ ಬಹಳ ಒಳಗೆ, ಆರೆಂಜ್‌ಬರ್ಗ್ ದಿಬ್ಬ ಎಂಬ ಹಳೆಯ ಕಡಲದಂಡೆಯ ಗುರುತಿದೆ. ಪ್ಲಯೋಸೀನ್ ಕಡಲಿನ ಅಲೆಗಳು ಕೊರೆದದ್ದು. ಬಹುಕಾಲ ಅದರ ಎತ್ತರವನ್ನೇ ಆಗಿನ ಕಡಲಮಟ್ಟ ಎಂದು ತೆಗೆದುಕೊಳ್ಳುತ್ತಿದ್ದರು. ದಂಡೆಯುದ್ದಕ್ಕೂ ನಡೆದು ಅಳೆದಾಗ ಒಂದು ಕಡೆಗೂ ಇನ್ನೊಂದು ಕಡೆಗೂ ಹತ್ತಾರು ಮೀಟರ್ ವ್ಯತ್ಯಾಸ ಬಂತು. ಒಂದೇ ಕಡಲಿಗೆ ಒಂದೇ ಕಾಲದಲ್ಲಿ ಇಷ್ಟು ವ್ಯತ್ಯಾಸ ಇರಲಾರದು. ಭೂಮಿಯ ಒಡಲಿನಲ್ಲಿ, ನೂರಾರು ಕಿಲೋಮೀಟರ್ ಆಳದಲ್ಲಿ ಬಿಸಿ ಬಂಡೆ ಬಲು ನಿಧಾನವಾಗಿ ಹರಿಯುತ್ತದೆ. ಹರಿದಾಗ ಮೇಲಿನ ನೆಲವನ್ನು ಒಂದು ಕಡೆ ಎತ್ತುತ್ತದೆ, ಇನ್ನೊಂದು ಕಡೆ ಕುಸಿಯಗೊಡುತ್ತದೆ. ನಮ್ಮ ಎರೆಮಣ್ಣು ಒಂದು ವರ್ಷದಲ್ಲಿ ಮಾಡುವುದನ್ನು ಅದು ಮೂವತ್ತು ಲಕ್ಷ ವರ್ಷದಲ್ಲಿ ಮಾಡಿದೆ. 2013 ಮತ್ತು 2014ರಲ್ಲಿ ಪ್ರಕಟವಾದ ಲೆಕ್ಕಗಳು ಆ ದಿಬ್ಬದ ಡೊಂಕನ್ನು ಹೀಗೇ ವಿವರಿಸಿದವು. ಈ ಒಳಹರಿವನ್ನು ಲೆಕ್ಕ ಹಾಕಲೂ ಒಂದು ಕಂಪ್ಯೂಟರ್ ಮಾದರಿಯೇ ಬೇಕು, ಅದಕ್ಕೆ ಅದರದೇ ತಪ್ಪುಗಳಿವೆ. ಅಂದರೆ ಕಣ್ಣಿಗೆ ಕಾಣುವ ಸಾಕ್ಷ್ಯ ಎಂದು ನಾವು ತಿಳಿದದ್ದರ ಹೊಟ್ಟೆಯಲ್ಲೂ ಒಂದು ಮಾದರಿ ಕೂತಿದೆ.

ಇದಲ್ಲದೆ ಹಿಮದ ಭಾರವಿದೆ. ಹತ್ತಿಯ ಗಾದಿಯ ಮೇಲೆ ರಾತ್ರಿಯಿಡೀ ಮಲಗಿ ಎದ್ದರೆ ತಗ್ಗು ಕೂಡಲೇ ತುಂಬಿಕೊಳ್ಳುವುದಿಲ್ಲ. ಮೈಲುಗಟ್ಟಲೆ ದಪ್ಪದ ಹಿಮ ಹೊತ್ತ ನೆಲವೂ ಹಾಗೆ, ಹಿಮ ಕರಗಿ ಸಾವಿರಾರು ವರ್ಷವಾದರೂ ಏಳುತ್ತಲೇ ಇರುತ್ತದೆ. ಸ್ಕ್ಯಾಂಡಿನೇವಿಯಾ ಈಗಲೂ ಏಳುತ್ತಿದೆ. ಅಷ್ಟು ದೊಡ್ಡ ಹಿಮರಾಶಿ ತನ್ನ ಗುರುತ್ವದಿಂದ ಕಡಲ ನೀರನ್ನು ತನ್ನ ಕಡೆಗೆ ಎಳೆದುಕೊಂಡಿರುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಗ್ರೀನ್‌ಲ್ಯಾಂಡಿನ ಹಿಮ ಕರಗಿದರೆ ಗ್ರೀನ್‌ಲ್ಯಾಂಡಿನ ಪಕ್ಕದ ಕಡಲು ಇಳಿಯುತ್ತದೆ, ದೂರದ ನಮ್ಮ ಕಡೆ ಏರುತ್ತದೆ. ಹಾಗಾಗಿ 'ಕಡಲಮಟ್ಟ' ಎಂಬ ಒಂದೇ ಸಂಖ್ಯೆ ಕಾಗದದ ಮೇಲಿನ ಸರಾಸರಿ, ಯಾವ ದಂಡೆಯಲ್ಲೂ ಅದು ಹಾಗೆಯೇ ಸಿಗುವುದಿಲ್ಲ.

ದಂಡೆಯನ್ನು ನಂಬದವರು ಕಡಲ ತಳಕ್ಕೆ ಹೋದರು. ಅಲ್ಲಿನ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಒಂದೇ ಕೋಶದ ಜೀವಿಗಳ ಚಿಪ್ಪುಗಳಿವೆ, ಒಂದೊಂದೂ ಮರಳಿನ ಕಾಳಿನಷ್ಟು. ಚಿಪ್ಪಿನಲ್ಲಿ ಆಮ್ಲಜನಕವಿದೆ. ಆಮ್ಲಜನಕದಲ್ಲಿ ಹಗುರದ್ದೊಂದು, ಭಾರದ್ದೊಂದು ಇದೆ. ಜೋಳದ ರಾಶಿ ತೂರುವುದನ್ನು ನೆನೆಯಿರಿ. ಮೊರದಿಂದ ಸುರಿದಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಗೆ ದೂರ ಹೋಗುತ್ತದೆ. ಕಡಲಿನ ಆವಿ ಧ್ರುವದ ಕಡೆ ಸಾಗುವಾಗಲೂ ಹೀಗೇ ಆಗುತ್ತದೆ. ಭಾರದ ಆಮ್ಲಜನಕವಿರುವ ನೀರು ದಾರಿಯಲ್ಲೇ ಮಳೆಯಾಗಿ ಬೀಳುತ್ತದೆ, ಹಗುರದ್ದು ಧ್ರುವ ತಲುಪಿ ಹಿಮವಾಗಿ ಕೂರುತ್ತದೆ. ಹಿಮ ಬೆಳೆದಷ್ಟೂ ಕಡಲಿನಲ್ಲಿ ಭಾರದ ಪಾಲು ಹೆಚ್ಚು. ಹಿಮ ಕರಗಿದರೆ ಹೊಟ್ಟು ಮರಳಿ ರಾಶಿಗೆ ಬಂದು ಬೆರೆತಂತೆ. ಚಿಪ್ಪು ತಾನು ಬೆಳೆದ ಕಾಲದ ನೀರಿನ ಈ ಬೆರಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಸೊಗಸಾದ ಉಪಾಯ, ಆದರೆ ಇದರಲ್ಲೊಂದು ಕೊಕ್ಕೆ. ನೀರು ಬೆಚ್ಚಗಾದರೂ ಚಿಪ್ಪಿನಲ್ಲಿ ಭಾರದ ಪಾಲು ಇಳಿಯುತ್ತದೆ. ಅಂಗಡಿಯವನು ತೊಗರಿಬೇಳೆಗೂ ಜೋಳಕ್ಕೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಯಾವುದಕ್ಕೆ ಎಷ್ಟೆಂದು ತಿಳಿಯುವುದು ಹೇಗೆ? ಒಂದರ ಬೆಲೆ ಬೇರೆ ಕಡೆಯಿಂದ ಗೊತ್ತಾಗಬೇಕು. ಅದಕ್ಕೆ ಅದೇ ಚಿಪ್ಪಿನ ಮೆಗ್ನೀಸಿಯಂ ಅಳೆಯುತ್ತಾರೆ. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿನಲ್ಲಿ ಮೆಗ್ನೀಸಿಯಂ ಹೆಚ್ಚು. ಹೀಗೆ ಉಷ್ಣತೆಯನ್ನು ಕಳೆದು ಹಿಮದ ಪಾಲನ್ನು ಉಳಿಸಿಕೊಳ್ಳುತ್ತಾರೆ. ಆದರೆ ಕಡಲು ಹತ್ತು ಮೀಟರ್ ಏರಿಳಿದರೆ ಆಮ್ಲಜನಕದ ಅಳತೆಯಲ್ಲಿ ಆಗುವ ವ್ಯತ್ಯಾಸ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಳತೆಯ ಚಿಕ್ಕ ಎಡವಟ್ಟು, ಮೂವತ್ತು ಲಕ್ಷ ವರ್ಷದಲ್ಲಿ ಕಡಲ ನೀರಿನ ಮೆಗ್ನೀಸಿಯಂ ಬದಲಾದದ್ದು, ಇವೆರಡೇ ಸೇರಿ ಹತ್ತು ಮೀಟರನ್ನು ನುಂಗಿಬಿಡಬಲ್ಲವು.

ಎಲ್ಲವನ್ನೂ ತೂಗಿ ನೋಡಿದ ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರ ವರದಿಯಲ್ಲಿ ಬರೆದದ್ದು: ಇಂದಿಗಿಂತ 5ರಿಂದ 25 ಮೀಟರ್ ಎತ್ತರ. ಒಮ್ಮೆ ನಕ್ಕುಬಿಡಬೇಕೆನಿಸುತ್ತದೆ. ಬಟ್ಟೆ ಅಂಗಡಿಯಲ್ಲಿ 'ಐದರಿಂದ ಇಪ್ಪತ್ತೈದು ಮೀಟರ್ ಕೊಡಿ' ಎಂದರೆ ಹೊರಗೆ ಕಳಿಸುತ್ತಾರೆ. ಆದರೆ ಈ ಅಂತರದೊಳಗೆ ಏನು ಅಡಗಿದೆ ಎಂದು ನೋಡಿದರೆ ನಗು ನಿಲ್ಲುತ್ತದೆ.

ಭೂಮಿಯ ಮೇಲಿನ ಹಿಮದ ಖಾತೆಯನ್ನು ತೆರೆಯೋಣ. ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಕಡಲು ಸುಮಾರು 7 ಮೀಟರ್ ಏರುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾದ ಅಭದ್ರ ಹಿಮದಿಂದ 3ರಿಂದ 5 ಮೀಟರ್. ನೀರು ಬಿಸಿಯಾಗಿ ಹಿಗ್ಗುವುದರಿಂದ ಒಂದು ಮೀಟರಿನ ಆಸುಪಾಸು. ಇವೆಲ್ಲ ಕೂಡಿದರೆ ಹನ್ನೊಂದರಿಂದ ಹದಿಮೂರು. ಅಲ್ಲಿಗೆ ಸುಲಭದ ಹಿಮ ಮುಗಿಯಿತು. ಉಳಿದದ್ದು ಪೂರ್ವ ಅಂಟಾರ್ಕ್ಟಿಕಾ. ಅದರಲ್ಲಿ ಐವತ್ತು ಮೀಟರಿಗೂ ಹೆಚ್ಚು ಕಡಲು ಹಿಮವಾಗಿ ಕೂತಿದೆ, ಅದು ಅಲುಗುವುದಿಲ್ಲ ಎಂದೇ ಬಹುಕಾಲ ನಂಬಿದ್ದರು. ಈಗ ನೋಡಿ: ಪ್ಲಯೋಸೀನ್ ಕಡಲು 10 ಮೀಟರ್ ಎತ್ತರವಿತ್ತು ಎಂದರೆ ಪೂರ್ವ ಅಂಟಾರ್ಕ್ಟಿಕಾ ಅಲುಗದೆಯೇ ಲೆಕ್ಕ ಹೊಂದುತ್ತದೆ. 16 ಮೀಟರ್ ಎಂದರೆ ಹೊಂದುವುದಿಲ್ಲ, ಅದೂ ಕರಗಿರಲೇಬೇಕು. ಆರು ಮೀಟರಿನ ಈ ತಕರಾರು ಅಷ್ಟು ದೊಡ್ಡ ಹಿಮಖಂಡದ ಸ್ವಭಾವದ ಬಗೆಗಿನ ತಕರಾರು.

ಇದರಲ್ಲಿ ಕಡಲತಳದ ಕೆಸರು ಒಂದು ಸಾಕ್ಷಿ ನುಡಿದಿದೆ. ಪೂರ್ವ ಅಂಟಾರ್ಕ್ಟಿಕಾದ ವಿಲ್ಕ್ಸ್ ತಗ್ಗಿನ ಎದುರಿನ ಸಮುದ್ರದಲ್ಲಿ 2010ರಲ್ಲಿ ಕೊರೆದು ತೆಗೆದ ಪ್ಲಯೋಸೀನ್ ಕೆಸರಿನಲ್ಲಿ, ಈಗ ಹಿಮದಡಿಯಲ್ಲಿ ಹೂತಿರುವ ಒಳನಾಡಿನ ಬಂಡೆಗಳ ಪುಡಿ ಇತ್ತು. ಹಿಮ ಒಳಕ್ಕೆ ಸರಿದು ಆ ಬಂಡೆಗಳನ್ನು ಸವೆಸಿದ್ದರೆ ಮಾತ್ರ ಆ ಪುಡಿ ಅಲ್ಲಿಗೆ ಬರಲು ಸಾಧ್ಯ. ಪಶ್ಚಿಮದ ರಾಸ್ ಸಮುದ್ರದಲ್ಲಿ 1,285 ಮೀಟರ್ ಆಳಕ್ಕೆ ಕೊರೆದಾಗ ಕಲ್ಲುಮಿಶ್ರಿತ ಹಿಮಗೆಸರು, ಅದರ ಮೇಲೆ ತೆರೆದ ಕಡಲಿನ ಪಾಚಿಯ ಪದರ, ಮತ್ತೆ ಹಿಮಗೆಸರು, ಹೀಗೆ ಒಂದರ ಮೇಲೊಂದು ಸಿಕ್ಕವು. ಪಶ್ಚಿಮದ ಹಿಮ ಒಂದಲ್ಲ, ಹಲವು ಸಲ ಕುಸಿದು ಮತ್ತೆ ಕಟ್ಟಿದೆ.

ಇಷ್ಟು ಹೊತ್ತು ಕಡಲಿನದಾಯಿತು. ಹವಾಮಾನದ ಮಾದರಿಗೆ ಈಗ ಬರುತ್ತೇನೆ.

ಹವಾಮಾನ ಮಾದರಿ ಎಂದರೆ ಭವಿಷ್ಯ ನುಡಿಯುವ ಯಂತ್ರವಲ್ಲ. ಗಾಳಿ, ನೀರು, ಶಾಖ ಹೇಗೆ ಹರಿಯಬೇಕೆಂಬ ಭೌತಶಾಸ್ತ್ರದ ಸಮೀಕರಣಗಳನ್ನು ಬಿಡಿಸುವ ಉದ್ದನೆಯ ಪ್ರೋಗ್ರಾಂ. ಹೊಲವನ್ನು ಬದು ಹಾಕಿ ಮಡಿಗಳಾಗಿ ಒಡೆದಂತೆ ಅದು ಭೂಗೋಳವನ್ನು ಚೌಕಗಳಾಗಿ ಒಡೆಯುತ್ತದೆ, ಪ್ರತಿ ಚೌಕಕ್ಕೂ ಕೆಲವು ನಿಮಿಷಗಳಿಗೊಮ್ಮೆ ಹೊಸ ಉಷ್ಣತೆ, ಹೊಸ ಗಾಳಿ, ಹೊಸ ತೇವಾಂಶ ಲೆಕ್ಕ ಹಾಕುತ್ತದೆ. ಹೀಗೆ ನೂರಾರು ವರ್ಷಗಳಷ್ಟು ಓಡಿಸಿದ ಮೇಲೆ ಕಡಲು ಒಂದು ಹದಕ್ಕೆ ಬರುತ್ತದೆ. ಇಂಥ ದೀರ್ಘ ಲೆಕ್ಕಕ್ಕೆ ಚೌಕಗಳನ್ನು ಚಿಕ್ಕದು ಮಾಡಿದರೆ ಕಂಪ್ಯೂಟರ್ ತಾಳುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಚೌಕದ ಒಂದು ಬದಿ ನೂರರಿಂದ ಇನ್ನೂರು ಕಿಲೋಮೀಟರ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಊರುಗಳು ಒಂದೇ ಚೌಕಕ್ಕೆ ಬಿದ್ದರೆ ಆಶ್ಚರ್ಯವಿಲ್ಲ. ಆಗ ಬೀದರ್ ಕೋಟೆಯ ಮೇಲೆ ಸಂಜೆ ಬೀಸುವ ತಂಗಾಳಿಗೂ ನಮ್ಮ ಮೇ ತಿಂಗಳ 42 ಡಿಗ್ರಿಗೂ ಸೇರಿ ಒಂದೇ ಸಂಖ್ಯೆ. ಬೀದರಿನವರು ಒಪ್ಪುವುದಿಲ್ಲ, ಗೊತ್ತು.

ಪ್ಲಯೋಸೀನ್ ಮೇಲೆ ಮಾದರಿ ಓಡಿಸುವುದು ಪರೀಕ್ಷೆಗೆಂದು. ಇಂದಿನ ಹವೆಯನ್ನು ಸರಿಯಾಗಿ ಹೇಳುವ ಮಾದರಿ ಅದನ್ನು ಬಾಯಿಪಾಠ ಮಾಡಿರಬಹುದು, ನಾವೇ ತಿದ್ದಿ ತೀಡಿ ಕೂರಿಸಿದ್ದಲ್ಲವೇ. ಅದು ಹಿಂದೆಂದೂ ಕಂಡಿರದ ಪ್ರಶ್ನೆ ಕೊಡಬೇಕು, ಆ ಪ್ರಶ್ನೆಯ ಉತ್ತರ ಮಾತ್ರ ನಮ್ಮ ಕೈಯಲ್ಲಿರಬೇಕು. ಅಮೆರಿಕದ ಹ್ಯಾರಿ ಡೌಸೆಟ್ ಮತ್ತು ಸಂಗಡಿಗರು ಪ್ರಿಸಂ ಎಂಬ ಯೋಜನೆಯಲ್ಲಿ ಆ ಕಾಲದ ಕಡಲು, ನೆಲ, ಕಾಡು, ಹಿಮ ಎಲ್ಲದರ ನಕ್ಷೆಯನ್ನು ದಶಕಗಳ ಕಾಲ ಕಟ್ಟಿದರು. ಬ್ರಿಟನ್ನಿನ ಅಲನ್ ಹೇವುಡ್ ಮುಂದಾಳಾಗಿದ್ದ ಪ್ಲಯೋಮಿಪ್ ಎಂಬ ಯೋಜನೆಯಲ್ಲಿ ಬೇರೆ ಬೇರೆ ದೇಶಗಳ ತಂಡಗಳು ಆ ನಕ್ಷೆಯನ್ನು ತಮ್ಮ ತಮ್ಮ ಮಾದರಿಗೆ ಕೊಟ್ಟು ಓಡಿಸಿದವು.

ಮೊದಲ ಸುತ್ತಿನಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಲೆಕ್ಕ ತಪ್ಪಿತು. ಚಿಪ್ಪುಗಳು ಅಲ್ಲಿ ಬಹಳ ಬೆಚ್ಚಗಿತ್ತು ಎಂದವು, ಮಾದರಿಗಳು ಅಷ್ಟಿಲ್ಲ ಎಂದವು. ಮಾದರಿಯ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಹೋಲಿಕೆಯಲ್ಲೇ ಒಂದು ದೋಷವಿತ್ತು. ಚಿಪ್ಪುಗಳ ಲೆಕ್ಕ ಎರಡು ಲಕ್ಷಕ್ಕೂ ಹೆಚ್ಚು ವರ್ಷಗಳ ಬೆಚ್ಚನೆಯ ಕಾಲಗಳನ್ನೆಲ್ಲ ಕಲೆಹಾಕಿದ್ದು. ಆ ಅವಧಿಯಲ್ಲಿ ಭೂಮಿಯ ಕಕ್ಷೆ ಮತ್ತು ವಾಲು ಹಲವು ಬಾರಿ ಬದಲಾಗಿ ಬಿಸಿಲು ಏರಿಳಿದಿತ್ತು. ಮಾದರಿ ಮಾತ್ರ ಒಂದೇ ಕಕ್ಷೆಯಲ್ಲಿ ಓಡಿತ್ತು. ಮೂವತ್ತು ವರ್ಷಗಳ ಬೇಸಿಗೆಯ ಕಡುಬಿಸಿಲಿನ ದಿನಗಳನ್ನೆಲ್ಲ ಆರಿಸಿ, ಅದನ್ನು ಈ ವರ್ಷದ ಒಂದು ಮಂಗಳವಾರಕ್ಕೆ ಹೋಲಿಸಿದಂತೆ.

ಎರಡನೆಯ ಸುತ್ತಿಗೆ ಕೆಎಂ5ಸಿ ಎಂದು ಕರೆಯುವ ಒಂದೇ ತುಂಡು ಕಾಲವನ್ನು ಹಿಡಿದರು, ಸುಮಾರು 32 ಲಕ್ಷ 5 ಸಾವಿರ ವರ್ಷಗಳ ಹಿಂದಿನದು. ಆಗ ಭೂಮಿಯ ಕಕ್ಷೆ ಇಂದಿನ ಹಾಗೆಯೇ ಇತ್ತು ಎಂಬುದೇ ಆಯ್ಕೆಗೆ ಕಾರಣ. ಬಿಸಿಲಿನ ವ್ಯತ್ಯಾಸ ಹೊರಗುಳಿಯಿತು. ಭೂಪಟವನ್ನೂ ತಿದ್ದಿದರು. ರಷ್ಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿಯನ್ನೂ ಕೆನಡಾದ ಉತ್ತರ ದ್ವೀಪಗಳ ನಡುವಿನ ಕಾಲುವೆಗಳನ್ನೂ ಮುಚ್ಚಿದರು. ಆರ್ಕ್ಟಿಕ್‌ನ ತಣ್ಣೀರು ಅಟ್ಲಾಂಟಿಕ್‌ಗೆ ಇಳಿಯುವ ದಾರಿ ಬದಲಾಯಿತು, ಉತ್ತರ ಅಟ್ಲಾಂಟಿಕ್ ಬೆಚ್ಚಗಾಯಿತು, ಚಿಪ್ಪುಗಳ ಮಾತಿಗೆ ಮಾದರಿ ಬಹಳಷ್ಟು ಹತ್ತಿರ ಬಂತು. 2020ರಲ್ಲಿ ಹೊರಬಂದ ಫಲಿತಾಂಶದಲ್ಲಿ 16 ಮಾದರಿಗಳಿದ್ದವು. 400ರ ಲೆಕ್ಕದ ಗಾಳಿಯಲ್ಲಿ ಭೂಮಿ ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸರಾಸರಿ 3.2 ಡಿಗ್ರಿ ಹೆಚ್ಚು ಬಿಸಿ ಇತ್ತು ಎಂದವು. ಅತಿ ತಣ್ಣನೆಯ ಮಾದರಿ 1.7 ಎಂದಿತು, ಅತಿ ಬಿಸಿಯದು 5.2.

ಇಲ್ಲೊಂದು ಎಚ್ಚರಿಕೆ ಬೇಕು. ಸುದ್ದಿಗಳಲ್ಲಿ ಇದು ಸಾಮಾನ್ಯವಾಗಿ ಕಳೆದುಹೋಗುತ್ತದೆ. ಈ ಮಾದರಿಗಳು ಕಡಲಮಟ್ಟವನ್ನು ಲೆಕ್ಕ ಹಾಕಲಿಲ್ಲ. ಹಿಮವನ್ನು ಅವುಗಳಿಗೆ ಮೊದಲೇ ಕೊಟ್ಟಿತ್ತು: ಗ್ರೀನ್‌ಲ್ಯಾಂಡಿನಲ್ಲಿ ಪೂರ್ವದ ಬೆಟ್ಟಗಳ ಮೇಲೆ ಮಾತ್ರ ಒಂದಿಷ್ಟು, ಪಶ್ಚಿಮ ಅಂಟಾರ್ಕ್ಟಿಕಾದ ಬಹುಭಾಗ ಖಾಲಿ. ಆ ಹಿಮದ ಗಾತ್ರವನ್ನು ನಿರ್ಧರಿಸಿದ್ದು ಭಾಗಶಃ ನಾವು ಈವರೆಗೆ ನೋಡಿದ ಅದೇ ಸಡಿಲವಾದ ಸಾಕ್ಷ್ಯಗಳಿಂದ. ಬಿಳಿ ಹಿಮವಿಲ್ಲದ ಕಡೆ ಕಪ್ಪು ನೆಲ ಬಿಸಿಲನ್ನು ಹೀರಿ ಇನ್ನಷ್ಟು ಬಿಸಿ ಮಾಡುತ್ತದೆ. ಹಾಗಾಗಿ 3.2 ಡಿಗ್ರಿಯ ಒಂದು ಪಾಲು ಉತ್ತರವಲ್ಲ, ಪ್ರಶ್ನೆಯಲ್ಲೇ ಬರೆದುಕೊಟ್ಟಿದ್ದು. ಯೋಜನೆಯವರು ಇದನ್ನು ಬಚ್ಚಿಟ್ಟಿಲ್ಲ, ಹಿಮ ಬದಲಿಸದೆಯೂ ಪ್ರತ್ಯೇಕವಾಗಿ ಓಡಿಸಿ ಪಾಲು ವಿಂಗಡಿಸಿದ್ದಾರೆ. ಓದುವವರು ಮರೆಯುತ್ತಾರೆ, ಅಷ್ಟೇ.

ಹಿಮ ಎಷ್ಟು ಕರಗುತ್ತದೆ ಎಂಬುದನ್ನು ಹೇಳುವ ಮಾದರಿಯೇ ಬೇರೆ. ಅದಕ್ಕೆ ಪಶ್ಚಿಮ ಅಂಟಾರ್ಕ್ಟಿಕಾದ ನೆಲವೇ ಒಂದು ತಲೆನೋವು. ಅಲ್ಲಿ ಹಿಮ ಕೂತಿರುವುದು ಕಡಲಮಟ್ಟಕ್ಕಿಂತ ಕೆಳಗಿನ ನೆಲದ ಮೇಲೆ, ಆ ನೆಲವೋ ಒಳಕ್ಕೆ ಹೋದಷ್ಟೂ ಇಳಿಜಾರು. ಅಂಚು ಕರಗಿ ಒಂದು ಹೆಜ್ಜೆ ಹಿಂದೆ ಸರಿದರೆ ಅಲ್ಲಿ ಹಿಮ ಇನ್ನೂ ದಪ್ಪ, ಅದು ಇನ್ನೂ ಬೇಗ ಹರಿದು ಕಡಲಿಗೆ ಬೀಳುತ್ತದೆ, ಅಂಚು ಮತ್ತೂ ಹಿಂದಕ್ಕೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದು ಕಷ್ಟ. ಹಿಮವಿಜ್ಞಾನಿ ಜಾನ್ ಮರ್ಸರ್ 1978ರಲ್ಲೇ ಇದರ ಅಪಾಯ ಹೇಳಿದ್ದರು. ಹಿಮದ ಮಾದರಿ ಕಟ್ಟುವ ರಾಬರ್ಟ್ ಡಿಕಾಂಟೋ ಮತ್ತು ಡೇವಿಡ್ ಪೊಲಾರ್ಡ್ ಇದಕ್ಕೆ ಇನ್ನೊಂದನ್ನು ಸೇರಿಸಿದರು. ಶಹಾಬಾದ್ ಸುತ್ತಲಿನ ಕಲ್ಲಿನ ಗಣಿಗಳಲ್ಲಿ ಕಡಿದ ಗೋಡೆ ಒಂದು ಎತ್ತರದವರೆಗೆ ನೆಟ್ಟಗೆ ನಿಲ್ಲುತ್ತದೆ, ತೀರಾ ಎತ್ತರವಾದರೆ ತನ್ನ ಭಾರಕ್ಕೇ ಬಿರಿದು ಬೀಳುತ್ತದೆ. ಹಿಮವಂತೂ ಕಲ್ಲಿಗಿಂತ ಬಹಳ ಮೆತ್ತಗಿನದು, ನೀರಿನ ಮೇಲೆ ಸುಮಾರು ನೂರು ಮೀಟರ್ ಎತ್ತರದ ಹಿಮಗೋಡೆ ತಡೆಯಲಾರದೆ ಕುಸಿಯುತ್ತದೆ ಎಂಬುದು ಅವರ ವಾದ.

ಇದನ್ನು ಮಾದರಿಗೆ ಸೇರಿಸಿ ಎಷ್ಟೋ ರೀತಿಯಲ್ಲಿ ಓಡಿಸಿದರು. ಯಾವ ಓಟವನ್ನು ನಂಬಬೇಕು? ಅದಕ್ಕೆ ಜರಡಿ ಬೇಕಲ್ಲ, ಜರಡಿಯಾದದ್ದು ಪ್ಲಯೋಸೀನ್ ಕಡಲು. ಅಂಟಾರ್ಕ್ಟಿಕಾದಿಂದ 10ರಿಂದ 20 ಮೀಟರ್ ಬಂದಿತ್ತು ಎಂದು ಹಿಡಿದು, ಅದನ್ನು ಮುಟ್ಟಿದ ಓಟಗಳನ್ನು ಮಾತ್ರ ಉಳಿಸಿಕೊಂಡರು. 1,29,000ದಿಂದ 1,16,000 ವರ್ಷಗಳ ಹಿಂದಿನ ಇನ್ನೊಂದು ಬೆಚ್ಚನೆಯ ಕಾಲದ ಕಡಲನ್ನೂ ಎರಡನೇ ಜರಡಿಯಾಗಿ ಬಳಸಿದರು. ಉಳಿದ ಓಟಗಳು 2016ರಲ್ಲಿ ಹೇಳಿದ್ದು: ಹೊಗೆ ಹೀಗೇ ಏರುತ್ತಾ ಹೋದರೆ ಅಂಟಾರ್ಕ್ಟಿಕಾ ಒಂದೇ 2100ರ ಹೊತ್ತಿಗೆ ಕಡಲನ್ನು ಒಂದು ಮೀಟರಿಗೂ ಹೆಚ್ಚು ಏರಿಸಬಲ್ಲದು. ಜಗತ್ತಿನ ಪತ್ರಿಕೆಗಳೆಲ್ಲ ಹೊತ್ತು ಮೆರೆದ ಸುದ್ದಿ ಅದು. ಆದರೆ ಅದೇ ಪ್ರಬಂಧದಲ್ಲಿ ಜರಡಿಯನ್ನು 5ರಿಂದ 15 ಮೀಟರಿಗೆ ಇಳಿಸಿದಾಗ 2100ರ ಸಂಖ್ಯೆಯೂ ಗಣನೀಯವಾಗಿ ಇಳಿದಿತ್ತು. 2019ರಲ್ಲಿ ಟ್ಯಾಮ್ಸಿನ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ಮತ್ತೆ ಬಿಚ್ಚಿ, ಹಳೆಯ ಕಡಲುಗಳನ್ನು ವಿವರಿಸಲು ಗೋಡೆ ಕುಸಿತ ಬೇಕೇಬೇಕೆಂದಿಲ್ಲ ಎಂದು ತೋರಿಸಿದರು. 2021ರಲ್ಲಿ ಡಿಕಾಂಟೋ ತಂಡವೇ ತಿದ್ದಿದ ಮಾದರಿಯಲ್ಲಿ 2100ರ ಅಂಕಿಯನ್ನು ಹಿಂದಿನದರ ಮೂರನೇ ಒಂದರ ಆಸುಪಾಸಿಗೆ ತಂದಿತು.

ಇದನ್ನು ಕೆಲವರು ವಿಜ್ಞಾನಿಗಳ ಎಡವಟ್ಟು ಎಂದು ಆಡಿಕೊಂಡರು. ನನಗೆ ಹಾಗೆನಿಸುವುದಿಲ್ಲ. ಗವಿಯ ಗಂಟು ಹೇಳುವ ಕಡಲಮಟ್ಟ 5.6ರಿಂದ 19.2ರ ನಡುವೆ ಎಲ್ಲಿತ್ತು ಎಂಬುದು ಹೀಗೆ ನೇರವಾಗಿ 2100ರ ಅಂಕಿಗೆ ಇಳಿದುಬರುತ್ತದೆ. ಹಳೆಯ ಗೆರೆಯನ್ನು ಇನ್ನೂ ಬಿಗಿಯಾಗಿ ಓದುವವರೆಗೆ ಮುಂದಿನದ್ದು ಬಿಗಿಯಾಗುವುದಿಲ್ಲ.

ಒಂದು ಮಾತು ಬೇಗ ಹೇಳಿ ಮುಂದೆ ಹೋಗುತ್ತೇನೆ. ಗಾಳಿ 400 ದಾಟಿತು, ಹಾಗಾದರೆ ನಾಳೆಯೇ 16 ಮೀಟರ್ ಎಂದಲ್ಲ. ಪ್ಲಯೋಸೀನ್ ಕಡಲಿಗೆ ಏರಲು ಸಾವಿರಾರು ವರ್ಷದ ಬಿಡುವಿತ್ತು. ಭೂಮಿ 2 ಡಿಗ್ರಿ ಬಿಸಿಯಾಗಿ ಅಲ್ಲೇ ನಿಂತರೆ ಎರಡು ಸಾವಿರ ವರ್ಷಗಳಲ್ಲಿ 2ರಿಂದ 6 ಮೀಟರ್ ಎಂದು 2021ರ ವರದಿಯ ಲೆಕ್ಕ. ಹಂಡೆಗೆ ಉರಿ ಹಚ್ಚಿದ ಕೂಡಲೇ ನೀರು ಕಾಯುವುದಿಲ್ಲ.

ಮಳೆಯ ವಿಷಯ ನಮ್ಮ ತೊಗರಿಗೆ ಸಂಬಂಧಿಸಿದ್ದು, ಆದ್ದರಿಂದ ಬಿಡಲಾರೆ. ಪ್ಲಯೋಸೀನ್ ಮಾದರಿಗಳು ಉತ್ತರ ಆಫ್ರಿಕಾದಲ್ಲೂ ದಕ್ಷಿಣ ಏಷ್ಯಾದಲ್ಲೂ ಮುಂಗಾರು ಬಲವಾಗಿತ್ತು ಎನ್ನುತ್ತವೆ. ಹಾಗೆಂದು ಯಾರೂ ಹಿಗ್ಗಬೇಕಾಗಿಲ್ಲ. ಮೂರು ಜಿಲ್ಲೆಗೆ ಒಂದು ಚೌಕ ಇರುವ ಲೆಕ್ಕದಲ್ಲಿ ಹೆಚ್ಚಿನ ಮಳೆ ಜೂನಿನಲ್ಲಿ ಹದವಾಗಿ ಬಂತೋ, ಹೂ ಬಿಡುವ ಹೊತ್ತಿಗೆ ಒಮ್ಮೆಲೆ ಸುರಿದು ತೊಗರಿಯ ಬೇರು ಕೊಳೆಸಿತೋ ತಿಳಿಯುವುದಿಲ್ಲ. 2015ರಲ್ಲಿ ಜೋಯಿಡಿಸ್ ರೆಸಲ್ಯೂಷನ್ ಎಂಬ ಹಡಗು ಭಾರತದ ವಿಜ್ಞಾನಿಗಳನ್ನೂ ಹೊತ್ತು ಅರಬ್ಬಿ ಸಮುದ್ರದ ತಳವನ್ನು ಕೊರೆದು ಕೆಸರು ತಂದಿದೆ. ನಮ್ಮ ಮುಂಗಾರಿನ ಹಳೆಯ ಕಡತ ಇರುವುದು ಅಂಥ ಕೆಸರಿನಲ್ಲೇ.

ಇದನ್ನೆಲ್ಲ ಒಮ್ಮೆ ಶಾಲೆಯ ಮಕ್ಕಳಿಗೆ ಹೇಳುತ್ತಿದ್ದಾಗ ಒಬ್ಬ ಹುಡುಗ ಕೇಳಿದ, 'ಸರ್, ಕಲಬುರಗಿಗೆ ಕಡಲು ಬರುತ್ತದೆಯೇ?' ಬರುವುದಿಲ್ಲ ಎಂದೆ. ಭೂಮಿಯ ಹಿಮವೆಲ್ಲ ಕರಗಿದರೂ ಏರುವುದು ಎಪ್ಪತ್ತು ಮೀಟರಿನೊಳಗೆ, ನಾವಿರುವುದು ನಾಲ್ಕುನೂರೈವತ್ತರ ಆಸುಪಾಸಿನಲ್ಲಿ. ಬೇಕಾದರೆ ರೈಲು ನಿಲ್ದಾಣದ ಹಳದಿ ಫಲಕ ನೋಡು, ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತಾರೆ ಎಂದೆ. ಅವನ ತಂದೆ ತಾಯಿ ಯಾದಗಿರಿ ಕಡೆಯವರು, ಗುಳೆ ಹೋಗಿ ಮುಂಬೈಯಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ, ಅವನು ಇಲ್ಲಿ ಅಜ್ಜಿಯ ಮನೆಯಲ್ಲಿ ಓದುತ್ತಾನೆ. ದೀಪಾವಳಿ ರಜೆಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅಪ್ಪ ಅವ್ವನ ಬಳಿಗೆ ಹೋದವನು, ಎಚ್ಚರವಿದ್ದಷ್ಟು ಹೊತ್ತು ಕಿಟಕಿಯಲ್ಲಿ ಕೂತು ಫಲಕಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ. ನನಗೆ ತಂದು ತೋರಿಸಿದ. ಸಂಖ್ಯೆಗಳು ನಾನೂರರಲ್ಲಿ ಶುರುವಾಗಿ, ಘಟ್ಟದ ಮೇಲೆ ಏರಿ, ಆಮೇಲೆ ಸರ್ರನೆ ಇಳಿದಿದ್ದವು. ಕೊನೆಯ ಪುಟದಲ್ಲಿ ಇಪ್ಪತ್ತರೊಳಗಿನ ಎರಡು ಮೂರು ಸಂಖ್ಯೆಗಳಿದ್ದವು. ಅವುಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ 16.2 ಎಂದು ಬರೆದು ಗೆರೆ ಎಳೆದಿದ್ದ.